ಹಬ್ಬಕ್ಕೆ ಒಗೆದ ಬಟ್ಟೆ

1943ರ ವಿಜಯದಶಮಿಯ ದಿನ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದು ಗಂಟೆಯವರೆಗೆ ಹೊಸೂರಿನ ನಮ್ಮ ಮನೆಯವರು ಅಂಗಳದಲ್ಲಿದ್ದ ಕಾರನ್ನು ಹೊರಡಿಸಲು ಪ್ರಯತ್ನಿಸಿದರು. ಅದು ಹೊರಡಲಿಲ್ಲ. ಅದೇ ದಿನ ನಾಲ್ಕು ಗಂಟೆಗೆ ಬೆಂಗಳೂರು ದಂಡಿನ ಸ್ಟೇಷನ್ನಿನಿಂದ ಸೈನಿಕರನ್ನು ಹೊತ್ತ ರೈಲೊಂದು ಹೊರಟಿತು. ನನ್ನ ಚಿಕ್ಕಪ್ಪ ಅದರಲ್ಲಿದ್ದ.

ಈಗ ನಾನಿರುವ ಬೀದಿಯ ಮೂಲೆಯಲ್ಲಿ ಇಸ್ತ್ರಿಯವನೊಬ್ಬ ತಳ್ಳುಗಾಡಿ ನಿಲ್ಲಿಸಿಕೊಳ್ಳುತ್ತಾನೆ. ಅವನದು ಇನ್ನೂ ಇದ್ದಲಿನ ಇಸ್ತ್ರಿಪೆಟ್ಟಿಗೆ. ಬಟ್ಟೆಯ ಮೇಲೆ ನೀರು ಚಿಮುಕಿಸಿ ಪೆಟ್ಟಿಗೆಯನ್ನು ಒತ್ತಿದಾಗ ಕೆಂಡದ ವಾಸನೆಯೂ ಒದ್ದೆ ಬಟ್ಟೆಯ ವಾಸನೆಯೂ ಬೆರೆತು ಒಂದೇ ವಾಸನೆಯಾಗಿ ಏಳುತ್ತದೆ. ಹಾಲು ತರಲು ಹೋದವಳು ಎಷ್ಟೋ ಸಲ ಅಲ್ಲಿ ನಿಂತುಬಿಟ್ಟಿದ್ದೇನೆ. ಅವನು ಏನಾದರೂ ಬಟ್ಟೆ ಕೊಡಬೇಕಿತ್ತೇ ಎಂದು ಕೇಳುತ್ತಾನೆ. ಇಲ್ಲ ಎನ್ನುತ್ತೇನೆ. ನೀವೂ ಇಂಥ ಯಾವುದಾದರೂ ವಾಸನೆಯ ಮುಂದೆ, ಕಾರಣ ಹೇಳಲಾಗದೆ, ಕೈಯಲ್ಲಿ ಚೀಲ ಹಿಡಿದು ನಿಂತಿರಬಹುದು. ನನ್ನದು ಮಾತ್ರ ಯಾವ ಮನೆಯ ವಾಸನೆ ಎಂದು ನನಗೆ ಗೊತ್ತು. ಆ ಮನೆ ಈಗಿಲ್ಲ. ಅದರ ಅಂಗಳದ ಮೇಲೆ ರಸ್ತೆ ಹೋಗಿದೆ.

ಆ ಮನೆಯಲ್ಲಿ ನಾವು ಆರು ಜನ. ಅಜ್ಜಿ, ಶಾಲೆಯಲ್ಲಿ ಮೇಷ್ಟ್ರಾಗಿದ್ದ ಅಪ್ಪ, ಅಮ್ಮ, ಅಪ್ಪನ ತಮ್ಮ ನಾರಾಯಣ ಅಂದರೆ ನನ್ನ ಚಿಕ್ಕಪ್ಪ, ಅವನ ಹೆಂಡತಿ ಕಮಲ ಚಿಕ್ಕಮ್ಮ, ಮತ್ತು ಆಗ ಎಂಟು ವರ್ಷದವಳಾಗಿದ್ದ ನಾನು. ನಾಡಹೆಂಚಿನ ಮನೆ, ಮುಂದೆ ಜಗಲಿ, ಜಗಲಿಯ ಎದುರು ಅಂಗಳ, ಅಂಗಳದ ಮೂಲೆಯಲ್ಲಿ ಬಾವಿ. ಬಾವಿಯ ಪಕ್ಕದಲ್ಲಿ ಒಂದು ಕಾಲಕ್ಕೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಕೊಟ್ಟಿಗೆಯಲ್ಲಿ ಕಾರು ನಿಲ್ಲುತ್ತಿತ್ತು. ಚಿಕ್ಕಪ್ಪ ಅದನ್ನು ಬೆಂಗಳೂರಿನಲ್ಲಿ ಮೂರನೆಯ ಕೈಯಿಂದ ಕೊಂಡು ತಂದು, ಹೊಸೂರಿನಿಂದ ಡೆಂಕಣಿಕೋಟೆಗೂ ಬೇರಿಕೆಗೂ ಬಾಡಿಗೆಗೆ ಓಡಿಸುತ್ತಿದ್ದ. ಮದುವೆಯ ಗಂಡುಗಳು, ಕೋರ್ಟಿಗೆ ಹೋಗುವವರು, ಹೆರಿಗೆಗೆ ತವರಿಗೆ ಬರುವ ಹೆಂಗಸರು ಅದರಲ್ಲಿ ಕೂತಿದ್ದಾರೆ. ಸಂಜೆ ಅವನು ಮನೆಗೆ ಬಂದರೆ ಎಣ್ಣೆ, ಧೂಳು, ಬೀಡಿ ಮೂರೂ ಬೆರೆತ ಘಾಟು ಅವನಿಗಿಂತ ಮೊದಲು ಬಾಗಿಲು ದಾಟುತ್ತಿತ್ತು. ಅಜ್ಜಿ ಅವನನ್ನು ಸ್ನಾನಕ್ಕೆ ಅಟ್ಟದೆ ಮುದ್ದೆಯ ತಟ್ಟೆ ಮುಟ್ಟಗೊಡುತ್ತಿರಲಿಲ್ಲ.

ಯುದ್ಧ ಬಂದು ಪೆಟ್ರೋಲಿಗೆ ಕೂಪನ್ ಆದ ಮೇಲೆ ಚಿಕ್ಕಪ್ಪ ಕಾರಿನ ಹಿಂಬದಿಗೆ ಇದ್ದಲಿನ ಗ್ಯಾಸ್ ಡ್ರಮ್ಮು ಕೂರಿಸಿದ. ಆಳೆತ್ತರದ ಕಬ್ಬಿಣದ ಡ್ರಮ್ಮು, ಅದರ ತುಂಬ ಇದ್ದಲು, ಬುಡದಲ್ಲಿ ಬೆಂಕಿ. ಪಕ್ಕದಲ್ಲಿ ಕೈಯಿಂದ ತಿರುಗಿಸುವ ಗಾಳಿ ಯಂತ್ರ. ಹತ್ತು ನಿಮಿಷ ತಿರುಗಿಸಿದರೆ ಸಣ್ಣ ಕೊಳವೆಯ ಬಾಯಲ್ಲಿ ಗ್ಯಾಸು ಬರುತ್ತದೆ. ಕಡ್ಡಿ ಗೀರಿ ಹಿಡಿದಾಗ ನೀಲಿಯಾಗಿ ಉರಿದರೆ ಗ್ಯಾಸು ಪಕ್ವವಾಗಿದೆ ಎಂದರ್ಥ. ಆಮೇಲೆ ಆ ಬಾಯಿ ಮುಚ್ಚಿ ಗ್ಯಾಸನ್ನು ಎಂಜಿನ್ನಿನ ಕಡೆ ಬಿಡಬೇಕು. ನಡುವೆ, ಕಾರಿನ ಪಕ್ಕದ ಮೆಟ್ಟಿಲ ಮೇಲೆ, ಮಸಿ ಸೋಸುವ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ದಿಂಬಿನ ಗವಸಿನಂತೆ ಹೊಲಿದ ನಾಲ್ಕು ದಪ್ಪ ಬಟ್ಟೆಯ ಚೀಲಗಳು. ಗ್ಯಾಸು ಆ ಬಟ್ಟೆಯ ಮೂಲಕ ಹಾಯ್ದು, ಮಸಿಯನ್ನು ಅಲ್ಲೇ ಬಿಟ್ಟು, ಎಂಜಿನ್ನು ಸೇರುತ್ತಿತ್ತು. ಇದ್ದಲು ಡೆಂಕಣಿಕೋಟೆಯ ಕಾಡಿನಿಂದ ಬರುತ್ತಿತ್ತು. ಚಿಕ್ಕಪ್ಪ ಹೇಳುತ್ತಿದ್ದ: "ಪೆಟ್ರೋಲು ಕುದುರೆ ಇದ್ದಂಗೆ, ಇದ್ದಲು ಕೋಣ ಇದ್ದಂಗೆ. ಎಬ್ಬಿಸೋದೂ ಕಷ್ಟ, ಎದ್ಮೇಲೆ ನಿಲ್ಸೋದೂ ಕಷ್ಟ."

1943ರ ಆರಂಭದಲ್ಲಿ ಅವನು ಸೈನ್ಯದ ಮೋಟಾರು ವಿಭಾಗಕ್ಕೆ ಸೇರಿದ. ತರಬೇತಿ ಬೆಂಗಳೂರಿನಲ್ಲೇ. ಎರಡು ಸಲ ರಜೆಗೆ ಬಂದ. ಹೋಗುವ ಮೊದಲು ಅಪ್ಪನಿಗೆ ಕಾರು ಓಡಿಸುವುದನ್ನು, ಚಿಕ್ಕಮ್ಮನಿಗೆ ಬೆಂಕಿ ಹಚ್ಚಿ ಗಾಳಿ ತಿರುಗಿಸುವುದನ್ನು ಕಲಿಸಿದ್ದ. ಗಾಳಿ ತಿರುಗಿಸುವಾಗ ಅವಳು ಸೆರಗು ಬಿಗಿದು, ತುಟಿ ಕಚ್ಚಿ, ಬೀಸುವ ಕಲ್ಲಿನ ಮುಂದೆ ಕೂತವಳಂತೆ ಒಂದೇ ಲಯದಲ್ಲಿ ತಿರುಗಿಸುತ್ತಿದ್ದಳು. ಅವನು ಜಗಲಿಯಲ್ಲಿ ಕೂತು "ಇನ್ನೂ ಜೋರು, ಇದೇನ್ ರಾಗಿ ಬೀಸ್ತಿದ್ದೀಯಾ?" ಎಂದರೆ, "ರಾಗಿ ಬೀಸಿದ್ರೆ ಮುದ್ದೆಯಾದ್ರೂ ಸಿಗ್ತದೆ" ಎನ್ನುತ್ತಿದ್ದಳು. ಅವರಿಗೆ ಮದುವೆಯಾಗಿ ಆಗ ಎರಡು ವರ್ಷ. ಕಾರಿನ ಬಾಗಿಲಿನ ಒಳಮೈಗೆ ಅವನು ಒಂದು ಕಾಗದ ಅಂಟಿಸಿ ಹೋಗಿದ್ದ. ಬೆಂಕಿ ಹಚ್ಚುವುದರಿಂದ ಹಿಡಿದು ಬೂದಿ ತೆಗೆಯುವವರೆಗೆ ಎಲ್ಲವನ್ನೂ ಪೆನ್ಸಿಲಿನಲ್ಲಿ, ಗುಂಡಗಿನ ಅಕ್ಷರಗಳಲ್ಲಿ ಬರೆದಿದ್ದ. ಕೊನೆಯ ಸಾಲು: 'ತಿಂಗಳಿಗೊಮ್ಮೆ ಸೋಸುವ ಬಟ್ಟೆ ಒಗೆಯಬೇಕು.' ಅಷ್ಟೇ. ಒಗೆದ ಬಟ್ಟೆಯನ್ನು ಒಣಗಿಸಬೇಕೆಂದು ಯಾರು ಯಾರಿಗೆ ಬರೆದು ಹೇಳುತ್ತಾರೆ?

ಆ ವರ್ಷ ಆಯುಧಪೂಜೆಗೆ ಮೊದಲು ಮೂರು ದಿನ ಸೋನೆ ಮಳೆ. ಪೂಜೆಯ ಹಿಂದಿನ ದಿನ ಮನೆಯಲ್ಲಿದ್ದ ಕುಡುಗೋಲು, ಈಳಿಗೆ ಮಣೆ, ಅಪ್ಪನ ಬೆತ್ತ ಮತ್ತು ಪೆನ್ನು, ಎಲ್ಲವನ್ನೂ ತೊಳೆದಿಟ್ಟರು. ಕಾರನ್ನೂ ತೊಳೆದರು. ಸೋಸುವ ಚೀಲಗಳನ್ನು ಚಿಕ್ಕಮ್ಮ ಬಿಚ್ಚಿ ಬಾವಿಕಟ್ಟೆಗೆ ತಂದಳು. ನಾನು ನೀರು ಹೊಯ್ದೆ, ಅವಳು ಸೀಗೆಪುಡಿ ಹಾಕಿ ಕುಕ್ಕಿದಳು. ಕಪ್ಪು ನೀರು ಬಾಳೆಯ ಬುಡಕ್ಕೆ ಹರಿದು, ಬರಬರುತ್ತ ಬೂದಿಯ ಬಣ್ಣವಾಗಿ, ಕೊನೆಗೆ ತಿಳಿಯಾಯಿತು. ಚೀಲಗಳನ್ನು ಕೊಟ್ಟಿಗೆಯ ಹಗ್ಗಕ್ಕೆ ಹಾಕಿದೆವು. ಬಿಸಿಲು ಬರಲಿಲ್ಲ. ಬೇರೆ ದಿನವಾಗಿದ್ದರೆ ಒಲೆಯ ಮೇಲಿನ ಕಂಬಿಗೆ ಹಾಕಿ ಒಣಗಿಸಬಹುದಿತ್ತು. ಆದರೆ ಅಡುಗೆಮನೆಯಲ್ಲಿ ಹಬ್ಬದ ಮಡಿ. ಕಾರಿನ ಮಸಿ ಬಟ್ಟೆಯನ್ನು ಅಜ್ಜಿ ಒಳಗೆ ತರಗೊಡಲಿಲ್ಲ.

ಮರುದಿನ ಪೂಜೆಯ ಹೊತ್ತಿಗೆ ಚೀಲಗಳನ್ನು ಮುಟ್ಟಿ ನೋಡಿದ ಚಿಕ್ಕಮ್ಮ "ಅತ್ತೆ, ಇನ್ನೂ ತಣ್ಣಗೈತೆ. ನಾಳೆ ಹಾಕಾಣ" ಎಂದಳು. ಅಜ್ಜಿ ಆರತಿಯ ತಟ್ಟೆಗೆ ಅರಿಶಿನ ಕಲಸುತ್ತಿದ್ದಳು. ನಮ್ಮಲ್ಲಿ ಊನವಿರುವ ವಸ್ತುವಿಗೆ ಪೂಜೆ ಮಾಡುವುದಿಲ್ಲ. ಹಿಡಿ ಕಳೆದ ಕುಡುಗೋಲನ್ನು ಹಿಡಿ ಹಾಕಿಯೇ ಇಡಬೇಕು, ಚಕ್ರ ಬಿಚ್ಚಿದ ಗಾಡಿಗೆ ಚಕ್ರ ಜೋಡಿಸಿಯೇ ಕುಂಕುಮ ಇಡಬೇಕು.

"ಮೂಗು ಬಿಚ್ಚಿಟ್ಟು ಆರತಿ ಎತ್ತಾರೇನಮ್ಮಿ?" ಎಂದಳು ಅಜ್ಜಿ. "ಊನ ಆಗ್ಬಾರ್ದು, ಹಾಕ್ಬುಡು. ಬೆಂಕಿ ಪಕ್ಕದಾಗೇ ತಾನೆ ಇರೋದು? ತಾನೇ ಒಣಗ್ತದೆ."

ಚಿಕ್ಕಮ್ಮ ಚೀಲಗಳನ್ನು ಪೆಟ್ಟಿಗೆಯಲ್ಲಿ ಜೋಡಿಸಿದಳು. ನಾನು ಒಂದೊಂದನ್ನೇ ಎತ್ತಿ ಕೊಟ್ಟೆ. ಅವು ಕೈಗೆ ತಣ್ಣಗೆ, ಭಾರವಾಗಿ ತಾಗಿದ್ದು ನನಗೆ ಇವತ್ತಿಗೂ ನೆನಪಿದೆ. ಮುಚ್ಚಳ ಬಿಗಿದ ಮೇಲೆ ಅಜ್ಜಿ ಅದರ ಮೇಲೆ ಅರಿಶಿನ ಬಳಿದು, ಮೂರು ಕುಂಕುಮದ ಬೊಟ್ಟಿಟ್ಟು, ಸೇವಂತಿಗೆ ಹಾರ ಸುತ್ತಿದಳು.

ಚಿಕ್ಕಪ್ಪನ ಚೀಟಿ ಬಂದದ್ದು ಆ ಪೂಜೆ ಮುಗಿದ ಮೇಲೆ. ಹಬ್ಬಕ್ಕೆ ಡೆಂಕಣಿಕೋಟೆಗೆ ಹೋಗುತ್ತಿದ್ದ ಸಿಪಾಯಿಯೊಬ್ಬ ಜಗಲಿಯ ಹತ್ತಿರ ಬಂದು ಅಪ್ಪನ ಕೈಗೆ ಮಡಚಿದ ಕಾಗದ ಕೊಟ್ಟು, ನೀರು ಕುಡಿದು ಹೋದ. ಅದರಲ್ಲಿ ಅವನ ಗುಂಡಗಿನ ಅಕ್ಷರ: 'ನಾಳೆ ನಾಲ್ಕು ಗಂಟೆಗೆ ದಂಡಿನ ಸ್ಟೇಷನ್. ಎಲ್ಲಿಗೆ ಎಂದು ಹೇಳಿಲ್ಲ. ಕಮಲಳನ್ನು ಕರೆತನ್ನಿ.' ಅಮ್ಮ ಈಗಲೇ ಹೊರಡಿ ಎಂದಳು. ಪೂಜೆಗೆ ಕೂತ ಆಯುಧವನ್ನು ಮರುದಿನದ ಪೂಜೆಯಾಗದೆ ಕದಲಿಸುವ ಪದ್ಧತಿ ಇರಲಿಲ್ಲ. ಬೆಂಗಳೂರು ಇಪ್ಪತ್ತೈದು ಮೈಲಿ, ಇದ್ದಲಿನ ಕಾರಿಗೆ ಹೆಚ್ಚೆಂದರೆ ಎರಡೂವರೆ ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೂ ಬೇಕಾದಷ್ಟು ಹೊತ್ತಿದೆ ಎಂದು ಅಪ್ಪ ಲೆಕ್ಕ ಹಾಕಿದ. ಲೆಕ್ಕ ಸರಿಯಾಗಿಯೇ ಇತ್ತು. ಆ ಸಂಜೆಯೆಲ್ಲ ಚಿಕ್ಕಮ್ಮ ಚಿಕ್ಕಪ್ಪನಿಗೆ ಇಷ್ಟವಾದ ರಾಗಿ ಹುರಿಹಿಟ್ಟಿನ ಉಂಡೆ ಕಟ್ಟಿದಳು. ಹುರಿದ ರಾಗಿಯ ಕಂಪು, ಬೆಲ್ಲದ ಪಾಕ, ಏಲಕ್ಕಿ. ಉಂಡೆಗಳನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ತುಂಬಿ ಬಾಗಿಲ ಪಕ್ಕ ಇಟ್ಟಳು.

ವಿಜಯದಶಮಿಯ ಬೆಳಿಗ್ಗೆ ಏಳಕ್ಕೆ ಬೆಂಗಳೂರಿನ ಬಸ್ಸು ಬಾಳೆಕಂದು ಕಟ್ಟಿಕೊಂಡು ನಮ್ಮ ಬೀದಿಯ ತುದಿಯಲ್ಲಿ ಹಾದುಹೋಯಿತು. ಆ ದಿನಕ್ಕೆ ಅದೊಂದೇ ಬಸ್ಸು. ನಾವು ಆಗ ಕಾರಿಗೆ ಎರಡನೆಯ ಪೂಜೆ ಮಾಡುತ್ತಿದ್ದೆವು. ರೈಲು ಹೊಸೂರಿಗೆ ಇರಲಿಲ್ಲ. ಮೊರಪ್ಪೂರಿನಿಂದ ಬರುತ್ತಿದ್ದ ಸಣ್ಣ ರೈಲಿನ ಹಳಿಗಳನ್ನು ಯುದ್ಧಕ್ಕೆಂದು ಕಿತ್ತು ಒಯ್ದಿದ್ದರು. ಅದು ಇದ್ದಿದ್ದರೂ ಬೆಂಗಳೂರಿಗೆ ಹೋಗುತ್ತಿರಲಿಲ್ಲ.

ಒಂಬತ್ತಕ್ಕೆ ಚಿಕ್ಕಮ್ಮ ಮದುವೆಯ ಹಸಿರು ಸೀರೆ ಉಟ್ಟು, ಅದರ ಮೇಲೆ ಹಳೆಯ ಪಂಚೆ ಸುತ್ತಿಕೊಂಡು ಗಾಳಿ ತಿರುಗಿಸಿದಳು. ಕೊಳವೆಯ ಬಾಯಲ್ಲಿ ನೀಲಿ ಜ್ವಾಲೆ ಬಂತು. ಅಪ್ಪ ಕೊಳವೆ ಮುಚ್ಚಿ, ಮುಂದೆ ಬಂದು ಹ್ಯಾಂಡಲ್ ಹೊಡೆದ. ಎಂಜಿನ್ನು ಒಮ್ಮೆ ಕೆಮ್ಮಿತು. ಮತ್ತೆ ಹೊಡೆದ. ಕೆಮ್ಮಲೂ ಇಲ್ಲ. ಬಾಗಿಲ ಕಾಗದವನ್ನು ಮೊದಲಿನಿಂದ ಓದಿದ. ಪ್ಲಗ್ಗುಗಳನ್ನು ಬಿಚ್ಚಿ ಉಪ್ಪುಕಾಗದದಲ್ಲಿ ತಿಕ್ಕಿದ, ಕಿಡಿ ಬರುತ್ತದೆಯೇ ನೋಡಿದ. ಕಿಡಿ ಬರುತ್ತಿತ್ತು. ಹತ್ತು ಗಂಟೆಯ ಹೊತ್ತಿಗೆ ಅಂಗಳದ ಗೋಡೆಯಾಚೆ ಜನ ಸೇರಿದ್ದರು. ಯಾರೋ "ಎತ್ತು ಕಟ್ರಲಾ ಅದಕ್ಕೆ, ಹಬ್ಬದ ದಿನ ಮೆರವಣಿಗೆ ಆಗ್ಲಿ" ಎಂದ. ಅಪ್ಪ ಅವನತ್ತ ನೋಡಲಿಲ್ಲ. ನನ್ನನ್ನು ಕರೆದು ಸೈಕಲ್ ಅಂಗಡಿಯ ಮುನಿಸಾಮಿಯನ್ನು ಕರೆತರಲು ಕಳಿಸಿದ.

ಮುನಿಸಾಮಿ ಚಿಕ್ಕಪ್ಪನ ಗೆಳೆಯ. ಡ್ರಮ್ಮು ಕೂರಿಸುವಾಗ ಬೆಸುಗೆ ಹಾಕಿದವನು ಅವನೇ. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ತಮಿಳು, ನಮ್ಮೊಂದಿಗೆ ಕನ್ನಡ. ಬಂದವನೇ ಕಾರಿಗೆ ಸುತ್ತಿದ್ದ ಹಾರ ನೋಡಿ ನಕ್ಕ.

"ಏನ್ ಮೇಷ್ಟ್ರೇ, ಕಾರಿಗೆ ಮದ್ವೇನಾ? ಅದಕ್ಕೇ ನಾಚ್ಕೊಂಡು ನಿಂತೈತೆ."

"ನಾಲ್ಕು ಗಂಟೆಗೆ ರೈಲು ಮುನಿಸಾಮಿ" ಎಂದ ಅಪ್ಪ.

ಅವನ ನಗು ನಿಂತಿತು. ಅಂಗಿ ಕಳಚಿ ಗೋಡೆಗೆ ಎಸೆದ. ತಾನೇ ಗಾಳಿ ತಿರುಗಿಸಿ ಜ್ವಾಲೆ ನೋಡಿದ. "ಗ್ಯಾಸು ನಲ್ಲಾ, ಚೆನ್ನಾಗೇ ಬತ್ತೈತೆ ಸಾರ್. ಎಂಜಿನ್ನು ಕುಡೀತಾ ಇಲ್ಲ" ಎಂದ. ಮನೆಯಲ್ಲಿ ಕಾಲು ಬಾಟಲಿ ಪೆಟ್ರೋಲು ಉಳಿದಿತ್ತು. ಅದನ್ನು ಹಾಕಿ ಹ್ಯಾಂಡಲ್ ಹೊಡೆದಾಗ ಎಂಜಿನ್ನು ಕೂಡಲೇ ಎದ್ದಿತು. ಅಂಗಳವೆಲ್ಲ ನಡುಗಿತು. ಚಿಕ್ಕಮ್ಮ ಸುತ್ತಿದ್ದ ಪಂಚೆ ಕಿತ್ತೆಸೆದು, ಡಬ್ಬಿ ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ಕೂತೇಬಿಟ್ಟಳು. ಅಜ್ಜಿ ತೆಂಗಿನಕಾಯಿ ಒಡೆದಳು. ಪೆಟ್ರೋಲು ಮುಗಿಯುವ ಮೊದಲು ಮುನಿಸಾಮಿ ಗ್ಯಾಸಿನ ಕೀಲಿ ತಿರುಗಿಸಿದ. ಎಂಜಿನ್ನು ಎರಡು ಸಲ ಉಸಿರೆಳೆದು ನಿಂತಿತು. ಆಮೇಲೆ ಕಾಯಿಯ ನೀರು ಮೆಟ್ಟಿಲ ಮೇಲಿಂದ ತೊಟ್ಟಿಕ್ಕುವ ಸದ್ದು ಮಾತ್ರ ಕೇಳಿಸಿತು.

ಚಿಕ್ಕಮ್ಮ ಕೆಳಗಿಳಿಯಲಿಲ್ಲ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. ಇದ್ದಲು ತೇವವಾಗಿದೆ ಎಂದು ಮುನಿಸಾಮಿ ಡ್ರಮ್ಮು ಖಾಲಿ ಮಾಡಿ ಹೊಸ ಮೂಟೆ ಸುರಿದ. ಮುಚ್ಚಳದಿಂದ ಗಾಳಿ ಸೇರುತ್ತಿದೆ ಎಂದು ಸುತ್ತ ಜೇಡಿಮಣ್ಣು ಮೆತ್ತಿದ. ಬುಡದ ಬೂದಿ ಕೆದಕಿದ. ಒಂದೊಂದಕ್ಕೂ ಅರ್ಧ ಗಂಟೆ. ಒಂದೊಂದರ ಕೊನೆಗೂ ನೀಲಿ ಜ್ವಾಲೆ ಬರುತ್ತಿತ್ತು, ಎಂಜಿನ್ನು ಏಳುತ್ತಿರಲಿಲ್ಲ. ಹನ್ನೆರಡು ದಾಟಿದ ಮೇಲೆ ಅವನು ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಕುಂಕುಮವಿದ್ದ ಆ ತಗಡಿನ ಪೆಟ್ಟಿಗೆಯ ಮೇಲೆ ಕೈಯಿಟ್ಟ.

"ಇದನ್ನ ನೋಡಿದ್ರಾ?"

"ಅದನ್ನ ಮೊನ್ನೆ ತಾನೇ ನಾನೇ ಒಗ್ದು ಹಾಕಿದ್ದೀನಿ ಮುನಿಸಾಮಣ್ಣ" ಎಂದಳು ಚಿಕ್ಕಮ್ಮ ಸೀಟಿನಿಂದಲೇ. "ಮಲ್ಲಿಗೆ ಹೂವಿನಂಗೈತೆ."

ಮುನಿಸಾಮಿ ಕೈ ತೆಗೆದ. ಶುಚಿಯಾಗಿರುವುದನ್ನು ಯಾರು ಬಿಚ್ಚುತ್ತಾರೆ? ನಾನು ಅಲ್ಲೇ, ಅವನಿಂದ ಒಂದು ಮಾರು ದೂರದಲ್ಲಿ ನಿಂತಿದ್ದೆ. ಚೀಲಗಳು ಒದ್ದೆಯಿದ್ದವೆಂಬುದು ನನಗೆ ಗೊತ್ತಿತ್ತು. ಅದು ಹೇಳಬೇಕಾದ ಸಂಗತಿ ಎಂಬುದು ಗೊತ್ತಿರಲಿಲ್ಲ. ಕೇಳಿದವರೂ ಇಲ್ಲ.

ಒಂದು ಗಂಟೆಗೆ ಅಪ್ಪ ಜಟಕಾ ಕರೆಸಿದ. ಅತ್ತಿಬೆಲೆಯವರೆಗೆ ಹೋದರೆ ಅಲ್ಲಿ, ಗಡಿಯಾಚೆ, ಬೆಂಗಳೂರಿಗೆ ಹೋಗುವ ಮೈಸೂರು ಸೀಮೆಯ ಬಸ್ಸೋ ಲಾರಿಯೋ ಸಿಗಬಹುದೆಂಬುದು ಅವನ ಯೋಚನೆ. ಇಲ್ಲಿಂದ ಮುಂದಿನದನ್ನು ನಾನು ಕಂಡಿಲ್ಲ, ಅಪ್ಪ ಹೇಳಿದ್ದು. ಜಟಕಾ ಅತ್ತಿಬೆಲೆ ಮುಟ್ಟಿದಾಗ ಎರಡೂವರೆ. ಬಸ್ಸು ಇರಲಿಲ್ಲ. ಹಬ್ಬದ ದಿನವೆಂದು ಲಾರಿಗಳೂ ಇರಲಿಲ್ಲ. ಜಟಕಾದವನು ಕುದುರೆಯ ಕಾಲು ತೋರಿಸಿ ಮುಂದೆ ಬರಲಾರೆ ಎಂದ. ಚಿಕ್ಕಮ್ಮ ಬೆಂಗಳೂರಿನ ದಿಕ್ಕಿಗೆ ನಡೆಯತೊಡಗಿದಳು. ಅಪ್ಪ ಹಿಂದೆ ನಡೆದ. ಒಂದು ಮೈಲಿಯಾದ ಮೇಲೆ ಅವಳು ಗಂಟೆ ಎಷ್ಟೆಂದು ಕೇಳಿದಳು. ಆಮೇಲೆ ಇನ್ನೊಂದು ಸಲ ಕೇಳಿದಳು. ಮೂರನೆಯ ಸಲ ಅವಳು ಕೇಳಿದಾಗ ಅಪ್ಪನ ಗಡಿಯಾರದಲ್ಲಿ ನಾಲ್ಕಾಗಿತ್ತು. ಅವಳು ರಸ್ತೆಯ ಪಕ್ಕದ ಮೋರಿಕಟ್ಟೆಯ ಮೇಲೆ ಕೂತು, ಡಬ್ಬಿ ತೆರೆದು, ಉಂಡೆಗಳನ್ನು ನೋಡಿ, ಮತ್ತೆ ಮುಚ್ಚಿದಳು. ಅವರು ಮನೆಗೆ ಬಂದಾಗ ದೀಪ ಹಚ್ಚುತ್ತಿದ್ದೆವು. ಹಸಿರು ಸೀರೆಯ ಅಂಚು ಮೊಣಕಾಲಿನವರೆಗೆ ಕೆಂಪು ಮಣ್ಣಾಗಿತ್ತು.

ಕಾರು ನಿಂತಲ್ಲೇ ನಿಂತಿತು. ಹಾರಗಳು ಒಣಗಿ ಉದುರಿದವು. ಚಿಕ್ಕಪ್ಪನ ಕಾಗದ ಬಂದದ್ದು ನಾಲ್ಕು ತಿಂಗಳಾದ ಮೇಲೆ. ಅರ್ಧಕ್ಕರ್ಧ ಸಾಲುಗಳಿಗೆ ಸೈನ್ಯದವರು ಕಪ್ಪು ಬಳಿದಿದ್ದರು. ಅಪ್ಪ ಜಗಲಿಯಲ್ಲಿ ನಿಂತು ಉಳಿದದ್ದನ್ನು ಓದಿದ. ನಾಲ್ಕರವರೆಗೂ ಸ್ಟೇಷನ್ನಿನ ಗೇಟಿನ ಹತ್ತಿರವೇ ನಿಂತಿದ್ದೆ ಎಂದು ಬರೆದಿದ್ದ. ಮುಂದೆ: 'ಕಾರು ಕೈಕೊಟ್ಟಿರಬೇಕು. ಹಬ್ಬಕ್ಕೆಂದು ಸೋಸುವ ಬಟ್ಟೆ ಒಗೆದಿರುತ್ತೀರಿ. ಮಳೆಯಿತ್ತು. ಅದು ಸ್ವಲ್ಪ ಹಸಿಯಿದ್ದರೂ ಗ್ಯಾಸು ದಾಟುವುದಿಲ್ಲ. ಎರಡು ದಿನ ಬಿಸಿಲಿಗೆ ಹಾಕಿ. ನಾನು ಬರೆದಿಡಬೇಕಿತ್ತು. ಯಾರನ್ನೂ ಬೈಯಬೇಡಿ.'

ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದಳು. "ತಾನೇ ಒಣಗ್ತದೆ ಅಂದೋಳು ನಾನು ಕಣಮ್ಮಿ" ಎಂದಳು.

"ಒಗ್ದೋಳು ನಾನು ಅತ್ತೆ" ಎಂದಳು ಚಿಕ್ಕಮ್ಮ.

ಎತ್ತಿ ಕೊಟ್ಟವಳು ನಾನು ಎಂದು ನಾನು ಹೇಳಲಿಲ್ಲ.

ಆ ಮಧ್ಯಾಹ್ನವೇ ಚಿಕ್ಕಮ್ಮ ಪೆಟ್ಟಿಗೆಯ ಮುಚ್ಚಳ ತೆಗೆದಳು. ಒಳಗಿನ ಚೀಲಗಳು ಒಂದಕ್ಕೊಂದು ಅಂಟಿ, ಬೂಷ್ಟು ಹಿಡಿದಿದ್ದವು. ಇದ್ದಲೂ ಒದ್ದೆ ಬಟ್ಟೆಯೂ ಬೆರೆತ, ಇಸ್ತ್ರಿಯವನ ಗಾಡಿಯ ಹತ್ತಿರ ನಾನು ನಿಲ್ಲುವಂತೆ ಮಾಡುವ ಆ ವಾಸನೆ ಅಂಗಳದ ತುಂಬ ಹರಡಿತು. ಅವಳು ಅವನ್ನು ಮತ್ತೆ ಒಗೆದು ಬಾವಿಕಟ್ಟೆಯ ಮೇಲೆ ಹರಡಿದಳು. ಶಿವರಾತ್ರಿಯ ಮುಂಚಿನ ಬಿಸಿಲು. ಎರಡು ದಿನ ಕಾಗೆ ಕೂರದಂತೆ ಪಕ್ಕದಲ್ಲೇ ಕೂತಿದ್ದಳು. ಒಂದೊಂದು ಚೀಲವನ್ನೂ ಕೆನ್ನೆಗೆ ಒತ್ತಿ ನೋಡಿ, ಮಗ್ಗುಲು ತಿರುವಿ ಹಾಕುತ್ತಿದ್ದಳು. ಮೂರನೆಯ ದಿನ ಬೆಳಿಗ್ಗೆ ಅವನ್ನು ಜೋಡಿಸಿ, ಅರ್ಧ ಡ್ರಮ್ಮು ಇದ್ದಲು ತುಂಬಿ, ಬೆಂಕಿ ಹಚ್ಚಿ, ತಾನೇ ಗಾಳಿ ತಿರುಗಿಸಿದಳು. ಅಪ್ಪ ಹ್ಯಾಂಡಲ್ ಹೊಡೆದ. ಎರಡನೆಯ ಹೊಡೆತಕ್ಕೆ ಎಂಜಿನ್ನು ಎದ್ದಿತು.

ಚಿಕ್ಕಮ್ಮ ಹಿಂದಿನ ಸೀಟಿನಲ್ಲಿ, ಅಂದು ಕೂತಿದ್ದ ಜಾಗದಲ್ಲೇ ಕೂತಳು. ಅಪ್ಪ ಕಿಟಕಿಯ ಹತ್ತಿರ ಬಗ್ಗಿ "ಒಂದು ಸುತ್ತು ಹೋಗ್ಬರಾಣ್ವಾ ಕಮಲಾ?" ಎಂದು ಕೇಳಿದ.

"ಎಲ್ಗೆ ಭಾವ?" ಎಂದಳು.

ಅಪ್ಪ ಒಳಗೆ ಹೋದ. ಕಾರು ನಿಂತಲ್ಲೇ ಓಡುತ್ತಿತ್ತು. ಇದ್ದಲು ಮುಗಿಯುವವರೆಗೂ ಓಡಿತು. ಬಾವಿಯ ಹಗ್ಗ, ಜಗಲಿಯ ಮೇಲಿನ ಹಿತ್ತಾಳೆ ತಂಬಿಗೆ, ಅಡುಗೆಮನೆಯ ಡಬ್ಬಗಳು ಎಲ್ಲವೂ ಸಣ್ಣಗೆ ನಡುಗುತ್ತಿದ್ದವು. ಆ ನಡುಕ ನಿಂತಾಗ ಮಧ್ಯಾಹ್ನವಾಗಿತ್ತು. ಅವಳು ಇಳಿದು ಬಂದು ಕೈಕಾಲು ತೊಳೆದುಕೊಂಡಳು. ಮುಂದಿನ ವರ್ಷ ಆಯುಧಪೂಜೆಯಲ್ಲಿ ಅಜ್ಜಿ ಕುಡುಗೋಲಿಗೂ ಈಳಿಗೆಗೂ ಕುಂಕುಮ ಇಟ್ಟಳು. ಕೊಟ್ಟಿಗೆಯ ಕಡೆ ಹೋಗಲಿಲ್ಲ.

ಚಿಕ್ಕಪ್ಪನ ಎರಡನೆಯ ಕಾಗದ ಬರಲಿಲ್ಲ. ಯುದ್ಧ ಮುಗಿದ ವರ್ಷ ಸೈನ್ಯದಿಂದ ಒಂದು ತಿಳುವಳಿಕೆ ಪತ್ರ ಬಂತು. ಅದರಲ್ಲಿ ಅವನು ಬರ್ಮಾದ ಗಡಿಯಲ್ಲಿ ಕಾಣೆಯಾಗಿದ್ದಾನೆ ಎಂದಿತ್ತು. ಸತ್ತಿದ್ದಾನೆ ಎಂದಿರಲಿಲ್ಲ. ಬಂಧುಗಳು ಬಂದು ಜಗಲಿಯಲ್ಲಿ ಕೂತು ಚಿಕ್ಕಮ್ಮನ ಕುಂಕುಮದ ಬಗ್ಗೆ ತಗ್ಗಿದ ದನಿಯಲ್ಲಿ ಮಾತಾಡಿದರು. ಅಜ್ಜಿ ಅವರಿಗೆ ಕಾಫಿ ಕೊಟ್ಟು, ಆ ಪತ್ರವನ್ನು ಅಪ್ಪನ ಕೈಲಿ ಮತ್ತೊಮ್ಮೆ ಓದಿಸಿ, "ಸತ್ತ ಅಂತ ಎಲ್ಲೈತೆ ತೋರ್ಸಿ" ಎಂದಳು. ಅವರು ಎದ್ದುಹೋದರು. ಆ ಮಾತು ಮತ್ತೆ ಬರಲಿಲ್ಲ. ಕಾರನ್ನು ಬಿಡಿಬಿಡಿಯಾಗಿ ಮಾರಿದರು. ಎಂಜಿನ್ನನ್ನು ಬೇರಿಕೆಯ ರೈತನೊಬ್ಬ ಬಾವಿಯಿಂದ ನೀರೆತ್ತಲು ಕೊಂಡುಹೋದ. ಅಲ್ಲಿ ಅದು ಬಹಳ ವರ್ಷ ಓಡಿತೆಂದು ಕೇಳಿದ್ದೇನೆ, ನೋಡಿಲ್ಲ. ಅಜ್ಜಿ, ಅಮ್ಮ, ಅಪ್ಪ ಒಬ್ಬೊಬ್ಬರಾಗಿ ಹೋದರು. ಮುನಿಸಾಮಿಯ ಅಂಗಡಿ ಇದ್ದ ಸಾಲೂ ಹೋಯಿತು. ಚಿಕ್ಕಮ್ಮ ಕೊನೆಯ ವರ್ಷಗಳಲ್ಲಿ ನನ್ನ ಜೊತೆಯಲ್ಲಿದ್ದಳು. ಮಳೆಗಾಲದಲ್ಲಿ ಒಗೆದ ಬಟ್ಟೆಯನ್ನು ಅವಳು ತಾನೇ ಮಡಚುತ್ತಿದ್ದಳು, ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿದ ಮೇಲೆ.

ಚಿಕ್ಕಪ್ಪನ ವಿಷಯ ಕೇಳಿ ನಾನು ಸೈನ್ಯದ ದಾಖಲೆ ಕಚೇರಿಗೆ ಮೂರು ಸಲ ಬರೆದೆ. ಮೂರು ಸಲವೂ ಉತ್ತರ ಬಂತು, ಮೂರೂ ಒಂದೇ: ಹಿಂದೆ ತಿಳಿಸಿದ್ದಕ್ಕಿಂತ ಹೆಚ್ಚಿನ ಮಾಹಿತಿ ಲಭ್ಯವಿಲ್ಲ. ಕೊನೆಯದು ಬಂದ ವರ್ಷವೇ ಚಿಕ್ಕಮ್ಮ ತೀರಿಕೊಂಡಳು. ಅವಳಿಗೆ ಹಸಿರು ಸೀರೆ ಉಡಿಸಿ, ಹಣೆಗೆ ಕುಂಕುಮ ಇಟ್ಟು ಕಳಿಸಿದೆವು. ದಾಖಲೆಯಲ್ಲಿ ಚಿಕ್ಕಪ್ಪ ಇಂದಿಗೂ ಕಾಣೆಯಾದವನು.